ಪಿಎಚ್‌ಡಿ ಆಯಿತು, ಇನ್ನೂ ಓದಾ?

ಮೊನ್ನೆ ಇಶಾ ನಮಾಝ್ ಮುಗಿಸಿ ಹೊರಗೆ ಬರುವಾಗ ಪರಿಚಯದವರೊಬ್ಬರು ನಿಲ್ಲಿಸಿದರು. “ಉಸ್ತಾದ್, ಮಗಳದ್ದು ಗಣಿತದಲ್ಲಿ ಪಿಎಚ್‌ಡಿ ಆಯಿತು. ಈಗ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡ್ತೇನೆ ಅಂತಾಳೆ. ಇನ್ನೂ ಎಷ್ಟು ವರ್ಷ ಓದುವುದು?”

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪೋಸ್ಟ್‌ಡಾಕ್ ಓದಲ್ಲ, ಕೆಲಸ. ಪಿಎಚ್‌ಡಿ ಮುಗಿಸಿದವರು ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಎರಡು ಮೂರು ವರ್ಷ ಸಂಬಳ ಪಡೆದು ಸಂಶೋಧನೆ ಮಾಡುವ ಹುದ್ದೆ ಅದು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರಲ್ಲಿ ದರ ಪರಿಷ್ಕರಿಸಿದಾಗ ಮೊದಲ ಹಂತದ ರಿಸರ್ಚ್ ಅಸೋಸಿಯೇಟ್‌ಗೆ ತಿಂಗಳಿಗೆ 47,000 ಇದ್ದದ್ದು 58,000 ರೂಪಾಯಿ ಆಯಿತು. ಮನೆ ಬಾಡಿಗೆ ಭತ್ಯೆ ಬೇರೆ.

ಹಾಗಾದರೆ ತೊಂದರೆ ಎಲ್ಲಿ? ಹುದ್ದೆ ಕಾಯಂ ಅಲ್ಲ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಿತು. ವಯಸ್ಸೂ ಕಾಯುವುದಿಲ್ಲ. ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಸಾಮಾನ್ಯವಾಗಿ 35 ವರ್ಷದ ಮಿತಿ ಇದೆ. ಮಹಿಳೆಯರಿಗೆ 5 ವರ್ಷ ರಿಯಾಯಿತಿ. ನಮ್ಮ ಮನೆಗಳಲ್ಲಿ ಮದುವೆ, ಮಕ್ಕಳು ಅಂತ ಹೇಳುವುದೂ ಇದೇ ವಯಸ್ಸಿನಲ್ಲಿ. ಗಂಡು ಮಕ್ಕಳಿಗಾದರೆ ಗಲ್ಫ್‌ಗೆ ಹೋಗುವ ಒತ್ತಡ.

ಎಲ್ಲರಿಗೂ ಇದು ಬೇಕಾ? ಬೇಡ. ಪದವಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವವರಿಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಕೆ-ಸೆಟ್ ಇದ್ದರೆ ಅರ್ಹತೆ ಆಯಿತು. 2023ರ ಜುಲೈಯಲ್ಲಿ ಯುಜಿಸಿ ಅದನ್ನೇ ಕನಿಷ್ಠ ಅರ್ಹತೆ ಮಾಡಿದೆ. ಆದರೆ ಐಐಟಿಯಂಥ ಕಡೆ ಮೊದಲ ದರ್ಜೆಯ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ನಂತರ ಮೂರು ವರ್ಷದ ಅನುಭವ ಕೇಳುತ್ತಾರೆ. ಅಲ್ಲಿಗೆ ಹೋಗುವ ಮೆಟ್ಟಿಲೇ ಪೋಸ್ಟ್‌ಡಾಕ್.

ಆ ಮೆಟ್ಟಿಲಿನವರೆಗೆ ತಲುಪುವ ನಮ್ಮ ಮಕ್ಕಳು ಮುಂದೆ ಇನ್ನೂ ಕಡಿಮೆ ಆಗುವ ಭಯ ಇದೆ. ಅಲ್ಪಸಂಖ್ಯಾತರ ಪಿಎಚ್‌ಡಿಗೆ ನೆರವಾಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸುವುದಾಗಿ ಕೇಂದ್ರ ಸರಕಾರ ಲೋಕಸಭೆಯಲ್ಲಿ ಹೇಳಿತು. ಬೇರೆ ಫೆಲೋಶಿಪ್‌ಗಳಲ್ಲೂ ಅಲ್ಪಸಂಖ್ಯಾತರಿಗೆ ಅವಕಾಶ ಇದೆ ಎಂಬುದು ಅದು ಕೊಟ್ಟ ಕಾರಣ. ಅವಕಾಶ ಇರುವುದು ನಿಜ. ಆದರೆ ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡ ಮಗುವಿಗೆ ಸ್ಪರ್ಧೆಯ ಬಾಗಿಲು ಒಂದು ಕಡಿಮೆಯಾಯಿತು ಎಂಬುದೂ ನಿಜ.

ಜಮಾಅತ್‌ಗಳು ಎಸೆಸೆಲ್ಸಿ, ಪಿಯುಸಿ ಮಕ್ಕಳಿಗೆ ಸನ್ಮಾನ ಮಾಡುತ್ತವೆ. ಒಳ್ಳೆಯದೇ. ಅದರ ಜೊತೆಗೆ ಫೆಲೋಶಿಪ್ ಹಣ ಕೈಸೇರುವವರೆಗಿನ ಎರಡು ಮೂರು ತಿಂಗಳ ಬಾಡಿಗೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟರೆ ಒಬ್ಬ ಸಂಶೋಧಕಿ ಉಳಿಯುತ್ತಾಳೆ.

ಆ ತಂದೆಗೆ ನಾನು ಹೇಳಿದ್ದು ಇಷ್ಟೇ: “ಕಾಕ, ಕಳಿಸಿ. ಆದರೆ ಆರ್ಡರ್ ಕಾಪಿ ಇಬ್ಬರೂ ಕೂತು ಓದಿ. ಎಷ್ಟು ತಿಂಗಳಿಗೆ, ಹಣ ಯಾರದ್ದು, ಹಾಸ್ಟೆಲ್ ಇದೆಯಾ, ಅವಧಿ ಮುಂದುವರಿಯುತ್ತದಾ, ಈ ನಾಲ್ಕು ಕೇಳಿ.” ಅವರು ಫೋನ್ ತೆಗೆದು ನಾಲ್ಕನ್ನೂ ಮಗಳಿಗೆ ವಾಯ್ಸ್ ಮೆಸೇಜ್ ಮಾಡಿದರು.