ಉರುಸಿಗೆ ದುಡಿಯುವ ಕೈಗಳು ಗ್ರಾಮಸಭೆಗೂ ಬೇಕು

ಮುರುಗಮಲ್ಲದ ಅಮ್ಮಾಜಾನ್–ಬಾವಾಜಾನ್ ದರ್ಗಾದ ಉರುಸ್ ಬಂದರೆ ಯಾರಿಗೂ ಪಾಠ ಹೇಳಬೇಕಿಲ್ಲ. ನೀರಿಗೆ ಯಾರು, ಊಟಕ್ಕೆ ಯಾರು, ದುಡ್ಡಿನ ಲೆಕ್ಕ ಯಾರ ಕೈಲಿ ಅಂತ ತಾವೇ ಹಂಚಿಕೊಳ್ಳುತ್ತಾರೆ. ಹಿಂದೂ, ಮುಸ್ಲಿಂ ಎನ್ನದೆ ಜನ ಹರಕೆ ಹೊತ್ತು ಬರುವ ಜಾಗ ಅದು. ನಮ್ಮ ಕಡೆ ಯಾವ ಊರಿನ ಜಾತ್ರೆಗೆ ಹೋದರೂ ಇದೇ ಕಥೆ.

ಅದೇ ಜನ ಗ್ರಾಮಸಭೆಗೆ ಬಂದರೆ ಹಿಂದೆ ಕೂತು, ಸಹಿ ಹಾಕಿ ಎದ್ದು ಹೋಗುತ್ತಾರೆ. ಆಸಕ್ತಿ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು ಇಲ್ಲವೇ ಉರ್ದು. ಸಭೆಯಲ್ಲಿ ಓದುವುದು ಕಚೇರಿ ಕನ್ನಡ. ಕ್ರಿಯಾ ಯೋಜನೆ, ನಡಾವಳಿ ಅಂದರೇನು ಅಂತ ಕೂರಿಸಿಕೊಂಡು ಹೇಳಿದವರು ಕಡಿಮೆ.

ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಯಾನ್ ಆಂಟೋನಿಯೊ ಅಂತ ಒಂದು ಊರು. ಅಲ್ಲಿನ ಬಡ ಮೆಕ್ಸಿಕನ್ ಮೂಲದವರ ಬೀದಿಗಳಿಗೆ ಮಳೆ ಬಂದರೆ ನೀರು ನುಗ್ಗುತ್ತಿತ್ತು. ಅದೇ ಊರಿನ ಅರ್ನೆಸ್ಟೊ ಕೊರ್ಟೆಸ್ ಚರ್ಚ್‌ಗಳಿಗೆ ಹೋಗಿ, ಅಲ್ಲಿ ಹಬ್ಬ ನಡೆಸುವ, ಚಂದಾ ಎತ್ತುವ ಹೆಂಗಸರನ್ನು ಗುರುತಿಸಿದರು. ಅವರಿಗೆ ಕಲಿಸಿದ್ದು ಭಾಷಣವಲ್ಲ. ದಾಖಲೆ ಓದುವುದು, ಅಧಿಕಾರಿಯ ಎದುರು ಒಂದೇ ಪ್ರಶ್ನೆಯನ್ನು ಬಿಡದೆ ಕೇಳುವುದು. 1974ರಲ್ಲಿ ‘ಕಾಪ್ಸ್’ ಎಂಬ ಸಂಘಟನೆಯಾಗಿ ನಗರಸಭೆಗೆ ಹೋದರು. ವರ್ಷಗಳಿಂದ ಕಾಗದದಲ್ಲೇ ಇದ್ದ ಚರಂಡಿ ಕಾಮಗಾರಿಗೆ ಹಣ ಬಂತು. ಯಾವ ಅಭ್ಯರ್ಥಿಗೂ ಮತ ಕೇಳಲ್ಲ ಅನ್ನುವುದು ಅವರ ನಿಯಮ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ದರ್ಗಾ, ಗುಡಿ ಚುನಾವಣೆಗೆ ಇಳಿದ ದಿನ ಊರು ಎರಡಾಗುತ್ತದೆ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದ ಇದೆ. ಸಂಘ ಕಟ್ಟಿದೆ, ಕೆರೆ ಹೂಳು ತೆಗೆಸಿದೆ. ಆದರೆ ಕಂತು ಕಟ್ಟುವುದು ಒಂದು ವಿದ್ಯೆ, ಪಂಚಾಯಿತಿಯನ್ನು ಲೆಕ್ಕ ಕೇಳುವುದು ಬೇರೆ ವಿದ್ಯೆ.

ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್‌ ಭಯ. ಶಾಶ್ವತ ನೀರಾವರಿಗಾಗಿ 2016ರಲ್ಲಿ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೊರಟವರು ನಾವು. ಊರಿನ ಶುದ್ಧ ನೀರಿನ ಘಟಕ ಕೆಟ್ಟರೆ ಮಾತ್ರ ಯಾರನ್ನು ಕೇಳಬೇಕು ಅಂತ ತಿಳಿಯದೆ ಸುಮ್ಮನಾಗುತ್ತೇವೆ.

ಕಾನೂನಿನ ಪ್ರಕಾರ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೆ ಒಂದು ವಾರ ಮುಂಚೆ, ಒಂದು ಸಂಜೆ ದರ್ಗಾದ ಅಂಗಳದಲ್ಲಿ, ಇನ್ನೊಂದು ಸಂಜೆ ಮುಕ್ತೀಶ್ವರ ಗುಡಿಯ ಹತ್ತಿರ ಹತ್ತು ಜನ ಕೂರಲಿ, ಐದು ಜನ ಹೆಂಗಸರಿರಲಿ. ಕಳೆದ ಸಭೆಯ ನಡಾವಳಿಯನ್ನು ತೆಲುಗು, ಉರ್ದುವಿನಲ್ಲಿ ಓದಿ ಹೇಳಲಿ. ನೀರಿನ ಬಗ್ಗೆ ಒಂದೇ ಒಂದು ಅರ್ಜಿ ಬರೆದು, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು, ಅದರ ಫೋಟೊವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಲಿ.