ಕಾಯಿ ಹೇಳಿದ್ದಕ್ಕೆ ಕಾಗದವಿಲ್ಲ

ಬೋರು ಕೊರೆಸುವುದು ಗಂಡಸರ ವ್ಯವಹಾರ ಎಂದು ನಮ್ಮ ಮನೆಗಳಲ್ಲಿ ಎಂದೋ ತೀರ್ಮಾನವಾಗಿದೆ. ಅದಕ್ಕೆ ಅಡವಿಡುವ ಬಂಗಾರ ಮಾತ್ರ ನಮ್ಮದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದವನ ಮಾತಿಗೆ ನನ್ನ ತವರಿನ ಬಳೆಗಳೂ ಹೋದವು. ಬಂದದ್ದು ಕರಿಕಲ್ಲಿನ ಪುಡಿ. ಆತ ಏನೆಂದ ಗೊತ್ತೇ? "ಮೈಲಿಗೆ ಆದವರು ಯಾರೋ ಹೊಲದಾಗ ಕಾಲಿಟ್ಟಾರ್ರೀ!" ನೀರು ಬಂದರೆ ಕಾಯಿಯ ಮಹಿಮೆ, ಬಾರದಿದ್ದರೆ ಹೆಂಗಸಿನ ದೋಷ.

ವಿಜಯಪುರ, ಕಲಬುರಗಿ, ಬೀದರದ ಕಡೆಯ ಈ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಪದರ ಪದರವಾಗಿ ಆರಿದೆ. ಅದರಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಕಲ್ಲು ಆರುವಾಗ ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಂಡಿದೆ. ಬಹಳಷ್ಟು ಪದರಗಳಲ್ಲಿ ಆ ದಿಕ್ಕು ಇಂದಿನದಕ್ಕೆ ತಿರುಗುಮುರುಗು!

ಮ್ಯಾಗ್ನೆಟೋಮೀಟರ್ ಹಿಡಿದವರು ಹೊಲದಲ್ಲಿ ಸಾಲು ಸಾಲಾಗಿ ನಡೆದು, ಕೆಲವು ಹೆಜ್ಜೆಗೊಮ್ಮೆ ಅಳತೆ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಭೂಕಾಂತದ ಬಲ 40 ಸಾವಿರ ನ್ಯಾನೊಟೆಸ್ಲಾಕ್ಕೂ ಮೇಲೆ. ಅದರಲ್ಲಿ 1ರಷ್ಟು ಏರುಪೇರಾದರೂ ಸಲಕರಣೆಗೆ ತಿಳಿಯುತ್ತದೆ. ಸೀಳಿನೊಳಗೆ ಲಾವಾ ನುಗ್ಗಿ ಗೋಡೆಯಂತೆ ನಿಂತ ಕಲ್ಲಿದ್ದರೆ, ಕಲ್ಲು ಒಡೆದು ಸವೆದಿದ್ದರೆ, ಒಳಗೆ ಪೊಳ್ಳಿದ್ದರೆ ಅಂಕಿ ಬದಲಾಗುತ್ತದೆ. ಅಂಥ ಗೋಡೆ ಎಷ್ಟೋ ಕಡೆ ಅಂತರ್ಜಲವನ್ನು ಒಂದು ಮಗ್ಗುಲಿಗೆ ತಡೆದಿರುತ್ತದೆ.

ಈ ಸಲಕರಣೆಗೂ ನೀರು ಕಾಣದು. ಕಾಣುವುದು ಕಲ್ಲು ಮಾತ್ರ. ಆದ್ದರಿಂದ ಗುರುತು ಸಿಕ್ಕ ಜಾಗದಲ್ಲಿ ನೆಲಕ್ಕೆ ವಿದ್ಯುತ್ ಹಾಯಿಸಿ ಇನ್ನೊಂದು ಪರೀಕ್ಷೆ ಮಾಡಬೇಕು. ಆಮೇಲೂ ಬೋರು ಒಣಗಿರಬಹುದು. ಆದರೆ ಅಳತೆ ಕಾಗದದ ಮೇಲಿರುತ್ತದೆ. ಬೇರೊಬ್ಬರು ಅದೇ ಸಾಲಿನಲ್ಲಿ ನಡೆದು ತಾಳೆ ನೋಡಬಹುದು. ಕಾಯಿ ಹೇಳಿದ್ದನ್ನು ತಾಳೆ ನೋಡುವುದು ಹೇಗೆ?

ಮೈಲಿಗೆ ಈ ಸಲಕರಣೆಗೂ ಉಂಟು, ಆದರೆ ಅದು ಕಬ್ಬಿಣದ್ದು. ಹಿಡಿದು ನಡೆಯುವವರು ಬೀಗದ ಕೈ, ಸೀರೆಯ ಪಿನ್ನು ತೆಗೆದಿಡಬೇಕು. ವಿದ್ಯುತ್ ಟ್ರಾಮ್ ಬರಲಿದೆಯೆಂದು ಮುಂಬಯಿಯ ಕೊಲಾಬಾ ಭೂಕಾಂತ ವೀಕ್ಷಣಾಲಯದ ಕೆಲಸವನ್ನೇ 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಬಂಗಾರದ ತಾಳಿಯಿಂದ ಅದಕ್ಕೆ ಅಡ್ಡಿಯಿಲ್ಲ. ತಿಂಗಳ ಮೂರು ದಿನದ ಗೊಡವೆಯಂತೂ ಇಲ್ಲವೇ ಇಲ್ಲ.

ಸರ್ವೆಗೆ ಕೊಡುವ ಹಣ ದಂಡ ಎನ್ನುತ್ತಾರೆ. ಒಣ ಬೋರಿಗೆ ಅಡಿ ಲೆಕ್ಕದಲ್ಲಿ ಕೊಡುವಾಗ ಅದು ದಂಡವಲ್ಲವೇ? ಕೇಳಿದರೆ "ನಿಂಗೇನ್ ತಿಳೀತದ, ಸುಮ್ನಿರು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸುಮ್ಮನಿರಬೇಡಿ. ಸಾಲದ ಕಾಗದಕ್ಕೆ ನಮ್ಮ ಸಹಿ ಬೇಕೆನ್ನುವವರು ನೆಲದ ಅಳತೆಯ ಕಾಗದವನ್ನೂ ನಮಗೆ ತೋರಿಸಲಿ.