‘ವೀಸಾ ಬೇಡ’ ಅಂದ್ರೆ ಕೆಲಸ ಮಾಡಬಹುದು ಅಂತಲ್ಲ!

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕ್ಯಾಸಂಬಳ್ಳಿಯ ಹುಡುಗನೊಬ್ಬ ಮೊಬೈಲ್ ತೋರಿಸಿದ. ‘ಅಣ್ಣಾ, ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ. ವೀಸಾ ಬೇಡವಂತೆ, ಟಿಕೆಟ್ಟೂ ಅವರೇ ಕೊಡ್ತಾರಂತೆ!’

ವೀಸಾ ವಿನಾಯಿತಿ ಇರೋದು ಸುತ್ತಾಡೋಕೆ, ದುಡಿಯೋಕಲ್ಲ. ಕೆಲಸಕ್ಕೆ ನಾನ್-ಇಮಿಗ್ರಂಟ್ ‘ಬಿ’ ವೀಸಾ, ಜೊತೆಗೆ ವರ್ಕ್ ಪರ್ಮಿಟ್ ಬೇಕು. ಇಂಥದ್ದೇ ಆಫರ್ ನಂಬಿ ಬ್ಯಾಂಕಾಕ್‌ಗೆ ಹೋದ ಎಷ್ಟೋ ಮಂದಿಯನ್ನು ಗಡಿ ದಾಟಿಸಿ, ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯವರು ದುಡಿಮೆಗೆ ಊರು ಬಿಡೋದು ಹೊಸದಲ್ಲ. ಆಸೆಪಡೋದು ತಪ್ಪೂ ಅಲ್ಲ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ಕಂಪನಿ ನಿಜವಾ ಅಂತ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಬರೆದು ಕೇಳಿ. ಕೆಲಸದ ವೀಸಾ ಕೈಗೆ ಬರೋ ತನಕ ವಿಮಾನ ಹತ್ತಬೇಡಿ.